ಬಿರಡೆಯೋ, ಸುತ್ತೋ, ನಟ್ಟೋ: ಬೇಸ್ ಗಿಟಾರಿನ ಶ್ರುತಿ ನಿಲ್ಲಿಸಲು ಮಾಡಿದ ಮೂರು ಪ್ರಯತ್ನಗಳು

ನನ್ನ ನಾಲ್ಕು ತಂತಿಯ ಬೇಸ್ ಗಿಟಾರು ಎರಡು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ತಪ್ಪುತ್ತಿತ್ತು. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡುಗಳ ನಡುವೆ ಬಿಡುವು ಸಿಗುವುದು ಕಡಿಮೆಯಾದ್ದರಿಂದ, ಬಿರಡೆಗಳನ್ನು (ತಂತಿಯನ್ನು ಬಿಗಿ ಮಾಡಲು ತಿರುಗಿಸುವ ಕಿವಿಗಳನ್ನು) ಬದಲಾಯಿಸುವುದು, ತಂತಿಯನ್ನು ಹೊಸದಾಗಿ ಸುತ್ತುವುದು, ನಟ್ಟಿನ (ಬಿರಡೆಗಳ ಕಡೆ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಯ) ಕಚ್ಚುಗಳನ್ನು ಸರಿಪಡಿಸುವುದು ಎಂಬ ಮೂರು ಉಪಾಯಗಳನ್ನು ಒಂದಾದ ಮೇಲೊಂದರಂತೆ ಮಾಡಿ ನೋಡಿದೆ.

ಅಂಗಡಿಯವರ ಮಾತು ಕೇಳಿ ಮೊದಲು ಕೊಂಡದ್ದು ಹೊಸ ಬಿರಡೆಗಳನ್ನು. ಅವು ನುಣುಪಾಗಿ ತಿರುಗುತ್ತಿದ್ದವು, ನಿಜ; ಆದರೆ 41.2 ಹರ್ಟ್ಸ್‌ನ ಇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, ಸಂಜೆಯೊಳಗೆ ಮತ್ತೆ ಇಳಿದಿತ್ತು. ಬಿರಡೆಯಲ್ಲಿರುವ ವರ್ಮ್ ಗೇರು (ತಿರುಪಿನಂಥ ಗೇರು) ಹಲ್ಲುಚಕ್ರವನ್ನು ತಿರುಗಿಸಬಲ್ಲುದೇ ಹೊರತು, ತಂತಿ ಎಷ್ಟೇ ಎಳೆದರೂ ಹಲ್ಲುಚಕ್ರವು ಗೇರನ್ನು ಹಿಂದಕ್ಕೆ ತಿರುಗಿಸುವುದು ತೀರ ಅಪರೂಪ. ಹಣ ಕೊಡುವ ಮೊದಲೇ ಇದು ಹೊಳೆಯಬೇಕಿತ್ತು.

ಎರಡನೆಯ ಉಪಾಯದಲ್ಲಿ ಇ ತಂತಿಯ ದೋಷ ಸಿಕ್ಕಿತು. ಅದನ್ನು ಗಿಡ್ಡವಾಗಿ ಕತ್ತರಿಸಿದ್ದರಿಂದ ಬಿರಡೆಯ ಕಂಬಕ್ಕೆ ಒಂದೇ ಸುತ್ತು ಬಿದ್ದು, ಬಾರಿಸಿದಂತೆಲ್ಲ ಜಾರುತ್ತಿತ್ತು. ಹೊಸ ತಂತಿಯನ್ನು ಕಂಬದಿಂದಾಚೆ ಸುಮಾರು ನಾಲ್ಕು ಇಂಚು ಬಿಟ್ಟು, ತಂತಿಯ ಮೇಲಿನ ಲೋಹದ ಹೊರಸುತ್ತು ಸಡಿಲವಾಗದಂತೆ ಮೊದಲು ಬಗ್ಗಿಸಿ ಆಮೇಲೆ ಕತ್ತರಿಸಿ, ಒಂದರ ಕೆಳಗೊಂದು ಬರುವಂತೆ ಎರಡೂವರೆ ಸುತ್ತು ಸುತ್ತಿದೆ; ಕೈಯಿಂದ ಮೆಲ್ಲಗೆ ಎಳೆದೆಳೆದು ಶ್ರುತಿ ಮಾಡಿದ ಮೇಲೆ ಎರಡು ದಿನದಲ್ಲಿ ಅದು ನಿಂತಿತು.

ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಕಥೆ ಬೇರೆ. ತಿರುಗಿಸುವಾಗ ನಟ್ಟಿನ ಬಳಿ ‘ಟಿಣ್’ ಎನ್ನುತ್ತಿತ್ತು. ನಟ್ಟಿಗೂ ಬಿರಡೆಗೂ ನಡುವಿನ ತಂತಿಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಸ್ವರ ಏರಿದಲ್ಲೇ ಉಳಿಯುತ್ತಿತ್ತು. ಅಂದರೆ ಕಚ್ಚು ತಂತಿಯನ್ನು ಹಿಡಿದುಕೊಳ್ಳುತ್ತಿತ್ತು. 40ರ (ಇಂಚಿನ ಸಾವಿರದ 40 ಭಾಗ ದಪ್ಪದ) ತಂತಿಗೆ ಕೊರೆದ ಕಚ್ಚಿನಲ್ಲಿ ನಾನು 45ರದ್ದನ್ನು ಕೂರಿಸಿದ್ದೆ. ಪೆನ್ಸಿಲ್ ಸೀಸ ಉಜ್ಜಿದ್ದರಿಂದ ಅರ್ಧ ಪರಿಹಾರವಷ್ಟೇ ಸಿಕ್ಕಿತು. ನಯವಾದ ಮರಳುಕಾಗದವನ್ನು ಮಡಚಿ, ಕಚ್ಚಿನ ಪಕ್ಕಗಳನ್ನು ಮಾತ್ರ ತುಸು ಸವೆಸಿದ ಮೇಲೆ ಶಬ್ದವೂ ನಿಂತಿತು, ಸ್ವರವೂ ಸ್ಥಿರವಾಯಿತು. ತಳ ಆಳವಾದರೆ ಬೆರಳಿಡದೆ ನುಡಿಸುವ ತಂತಿ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಾಗಿ ಗರಗರ ಎನ್ನುವುದರಿಂದ ಇಲ್ಲಿ ಆತುರ ಸಲ್ಲದು.

ಬಿರಡೆ ಕೈಗೆ ಅಲುಗಾಡುತ್ತಿದ್ದರೆ ಅಥವಾ ಹಲ್ಲು ಮುರಿದಿದ್ದರೆ ಬದಲಾಯಿಸುವುದೇ ಸರಿ. ಸ್ವಲ್ಪ ಸಡಿಲವಿದ್ದರೆ, ಸ್ವರವನ್ನು ಬೇಕಾದುದಕ್ಕಿಂತ ಕೆಳಗಿಳಿಸಿ ಅಲ್ಲಿಂದ ಮೇಲೇರಿಸುತ್ತ ಶ್ರುತಿ ಮಾಡಿದರೆ ಸಾಕಾಗುತ್ತದೆ. ಅನುಮಾನ ಪರಿಹರಿಸಿಕೊಳ್ಳಲೆಂದು ಹಳೆಯ ಬಿರಡೆಗಳನ್ನೇ ಮತ್ತೆ ಜೋಡಿಸಿ ಒಂದು ಇಡೀ ಕಾರ್ಯಕ್ರಮ ನುಡಿಸಿದೆ. ಇ, ಜಿ ಎರಡೂ ಕದಲಲಿಲ್ಲ. ಹೊಸ ಬಿರಡೆಗಳು ಈಗ ಡಬ್ಬಿಯಲ್ಲಿವೆ.