ಹಳೆಯ ಕಾರಿಗೆ ಹೊಸ ಹೀಟರ್ ಕಾಯಿಲ್: ನಾಲ್ಕು ಮಳೆಗಾಲಗಳ ಬಳಿಕ

ಮಡಿಕೇರಿಯಲ್ಲಿ ಜುಲೈ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಹೀಟರ್ ಇಲ್ಲದ ಕಾರಿನಲ್ಲಿ ಹೊರಡುವವರ ಮಡಿಲಲ್ಲಿ ಹಳೆಯ ಬನಿಯನ್ನಿನ ತುಂಡೊಂದು ಇರಲೇಬೇಕು. ಗೇರು ಬದಲಿಸುವುದೂ ಎಡಗೈ, ಗಾಜು ಒರೆಸುವುದೂ ಎಡಗೈ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗಲೇ ಸರಿಯಾಗಿ ಎರಡು ಕೆಲಸವೂ ಒಟ್ಟಿಗೆ ಬೀಳುತ್ತವೆ. ಎರಡು ಮಳೆಗಾಲ ನಾನು ಹೀಗೆ ಓಡಾಡಿದೆ. ಇದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಮುನ್ನೂರು ರೂಪಾಯಿ ಕೊಟ್ಟು ಹೀಟರನ್ನು ನಿಲ್ಲಿಸಿಬಿಟ್ಟವನು ನಾನೇ.

ಕಾರು 2001ರದ್ದು, ಪೆಟ್ರೋಲ್, ಅಪ್ಪ ಕೊಂಡದ್ದು. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಹದಿನೆಂಟು ವರ್ಷ ದುಡಿದ ಬಿಡಿಭಾಗ ಸೋರಿತೆಂದು ತಯಾರಿಸಿದವರ ಮೇಲೆ ಹರಿಹಾಯುವುದು ನ್ಯಾಯವಲ್ಲ. ಆ ಕಾಲದ ಅನೇಕ ಕಾರುಗಳಲ್ಲಿ ಈ ಭಾಗದ ರಚನೆಯೂ ಹೆಚ್ಚುಕಡಿಮೆ ಒಂದೇ ಬಗೆಯದು.

2019ರ ಏಪ್ರಿಲಿನಲ್ಲಿ ಮೊದಲು ಬಂದದ್ದು ವಾಸನೆ. ಪಾಕ ಹಿಡಿದ ಬೆಲ್ಲಕ್ಕೆ ಯಾರೋ ಸೀಮೆಎಣ್ಣೆ ಮುಟ್ಟಿಸಿದಂಥ ಸಿಹಿ ವಾಸನೆ. ಹಿಂದಿನ ಸೀಟಿನಲ್ಲಿ ಹಣ್ಣು ಕೊಳೆತಿದೆಯೆಂದು ಹುಡುಕಿದೆವು. ಆಮೇಲೆ ಮುಂದಿನ ಗಾಜಿನ ಒಳಮೈಗೆ ಜಿಡ್ಡು ಕೂರತೊಡಗಿತು. ಒರೆಸಿದಷ್ಟೂ ಹರಡುತ್ತಿತ್ತು, ರಾತ್ರಿ ಎದುರು ಬರುವ ದೀಪಗಳಿಗೆಲ್ಲ ಪ್ರಭಾವಳಿ ಕಟ್ಟುತ್ತಿತ್ತು. ಒಂದು ದಿನ ಪಕ್ಕದ ಸೀಟಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ಚಪ್ಪಲಿ ಬಿಟ್ಟು ಕಾಲಿಟ್ಟಾಗ ಕಾರ್ಪೆಟ್ಟು ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ಎಸಿಯ ನೀರು ಇರಬಹುದೆಂದು ನಾನು ವಾದಿಸಿದೆ. ಆಕೆ ಬೆರಳಿಗೆ ತಾಗಿಸಿ ನೋಡಿ, “ನೀರು ಹೀಗೆ ಅಂಟುತ್ತದೆಯೇ?” ಎಂದು ಕೇಳಿದಳು. ಅಲ್ಲಿಗೆ ವಾದ ಮುಗಿಯಿತು. ಅದು ಕೂಲೆಂಟ್, ಎಂಜಿನ್ನಿನ ಬಿಸಿ ಹೀರಿ ಅದನ್ನು ತಣ್ಣಗಿಡುವ ದ್ರವ.

ಹೀಟರ್ ಕೋರ್ ಎಂಬುದು ಒಂದು ಮರಿ ರೇಡಿಯೇಟರ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದನ್ನು ಹೀಟರ್ ಕಾಯಿಲ್ ಎನ್ನುತ್ತಾರೆ, ಎಸಿಯದು ಕೂಲಿಂಗ್ ಕಾಯಿಲ್. ಎಂಜಿನ್ನಿನಲ್ಲಿ ಕಾದ ಕೂಲೆಂಟಿನ ಒಂದು ಪಾಲು ಎರಡು ರಬ್ಬರ್ ಹೋಸುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಈ ಕಾಯಿಲಿಗೆ ಬಂದು ಹೋಗುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ನನ್ನ ಕಾರಿನಲ್ಲಿ ಈ ನೀರಿಗೆ ನಲ್ಲಿಯಿಲ್ಲ. ಹೀಟರ್ ಹಾಕಿದರೂ ಆರಿಸಿದರೂ ಬಿಸಿ ದ್ರವ ಹರಿಯುತ್ತಲೇ ಇರುತ್ತದೆ, ತಿರುಗುವುದು ಗಾಳಿಯ ಬಾಗಿಲು ಮಾತ್ರ. “ನಾನು ಹೀಟರ್ ಮುಟ್ಟುವುದೇ ಇಲ್ಲ, ಅದು ಹೇಗೆ ಹಾಳಾಯಿತು?” ಎಂದು ಬೆಂಗಳೂರಿನ ಭಾವ ಕೇಳಿದ್ದಕ್ಕೆ ಇದೇ ಉತ್ತರ. ಮುಟ್ಟದಿದ್ದರೂ ಅದು ದುಡಿಯುತ್ತಿರುತ್ತದೆ.

ಮಡಿಕೇರಿಯ ಗ್ಯಾರೇಜಿನಲ್ಲಿ ಪರಿಹಾರ ಹತ್ತು ನಿಮಿಷದಲ್ಲಿ ಸಿಕ್ಕಿತು. ಬಾನೆಟ್ ತೆಗೆದು, ಒಳಗೆ ಹೋಗುವ ಎರಡೂ ಹೋಸುಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ ಕ್ಲಾಂಪ್ ಬಿಗಿದರು. ಸೋರಿಕೆ ನಿಂತಿತು. “ನಮ್ಮ ದೇಶದಲ್ಲಿ ಹೀಟರ್ ಯಾಕೆ ಸಾರ್” ಎಂಬ ಸಮಾಧಾನವೂ ಉಚಿತವಾಗಿ ದೊರೆಯಿತು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಊರಿನಲ್ಲಿ, ಕೈಗೆ ಉಣ್ಣೆಯ ಗ್ಲೌಸ್ ಹಾಕಿಕೊಂಡು ನಿಂತು ಅವರು ಈ ಮಾತು ಹೇಳಿದರು.

ಹೀಟರ್ ಇಲ್ಲದಿದ್ದರೆ ಕಷ್ಟ ಚಳಿಯದಲ್ಲ, ಗಾಜಿನದು. ಮಳೆಯಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ ಎಲ್ಲವೂ ಸೇರಿ ಗಾಳಿ ತೇವದಿಂದ ಭಾರವಾಗುತ್ತದೆ, ತಣ್ಣಗಿನ ಗಾಜನ್ನು ಮುಟ್ಟಿದ ಕೂಡಲೇ ಆ ತೇವ ಹನಿಯಾಗಿ ಕೂರುತ್ತದೆ. ಎಸಿ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಸಿ ಗಾಳಿಯ ತೇವವನ್ನು ಹಿಂಡುತ್ತದೆ, ನಿಜ. ಆದರೆ ಗಾಜನ್ನೂ ತಣ್ಣಗಾಗಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಗಾಜಿನ ಹೊರಮೈ ಮಂಜಾಗುತ್ತದೆ, ಒಳಗಿರುವವರು ನಡುಗುತ್ತಾರೆ. ಎಸಿ ಒಣಗಿಸಿದ ಗಾಳಿಯನ್ನು ಹೀಟರ್ ಬಿಸಿಮಾಡಿ ಗಾಜಿಗೆ ಊದಬೇಕು. ಎರಡೂ ಸೇರಿದರೆ ಮಾತ್ರ ಕೊಡಗಿನ ಜುಲೈಗೆ ಸರಿಹೋಗುವ ವ್ಯವಸ್ಥೆ.

ಇನ್ನೊಂದು ನಷ್ಟ ಮಾರ್ಚಿನಲ್ಲಿ ಅರಿವಾಯಿತು. ಸುಳ್ಯದಿಂದ ಘಾಟಿ ಹತ್ತುವಾಗ ರೇಡಿಯೇಟರ್ ಫ್ಯಾನಿನ ಫ್ಯೂಸ್ ಹೋಗಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಅಂಥ ಹೊತ್ತಿನಲ್ಲಿ ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿದರೆ ಎಂಜಿನ್ನಿನ ಶಾಖದಲ್ಲಿ ಒಂದಿಷ್ಟು ಒಳಗೆ ಬಂದುಬಿಡುತ್ತದೆ. ಬೆವರುತ್ತ ಒಂದು ಸುರಕ್ಷಿತ ಜಾಗದವರೆಗೆ ಹೋಗಬಹುದು. ನನಗೆ ಆ ದಾರಿಯೂ ಮುಚ್ಚಿತ್ತು. ರಸ್ತೆ ಬದಿಯಲ್ಲಿ ಒಂದು ಗಂಟೆ ನಿಂತೆ.

ಕೊನೆಗೆ 2021ರ ಫೆಬ್ರವರಿಯಲ್ಲಿ ಮೈಸೂರಿನ ಒಂದು ಗ್ಯಾರೇಜಿಗೆ ಕಾರು ಒಯ್ದೆ. ಅಲ್ಲಿನ ಮೇಸ್ತ್ರಿ ಅರವತ್ತು ದಾಟಿದವರು. ಕಾರು ನೋಡಿ, “ಮೂಗಿಗಿಂತ ಮೂಗುತಿ ಭಾರವಾಗುತ್ತದೆ, ಯೋಚನೆ ಮಾಡಿ” ಎಂದು ಮೊದಲೇ ಎಚ್ಚರಿಸಿದರು. ಕಾಯಿಲಿನ ಬೆಲೆ ದೊಡ್ಡದಲ್ಲ, ಅದನ್ನು ತಲುಪುವುದೇ ದೊಡ್ಡದು. ಸ್ಟಿಯರಿಂಗ್ ಕಾಲಮ್ ಇಳಿಸಿ, ಇಡೀ ಡ್ಯಾಶ್‌ಬೋರ್ಡ್ ಹೊರತೆಗೆದರೆ ಮಾತ್ರ ಹೀಟರ್ ಪೆಟ್ಟಿಗೆ ಕಾಣುತ್ತದೆ. ನನ್ನ ಕಾರಿನಲ್ಲಿ ಅದು ಎಸಿಯ ಪೆಟ್ಟಿಗೆಯಿಂದ ಪ್ರತ್ಯೇಕವಾಗಿರುವುದರಿಂದ ಗ್ಯಾಸ್ ತೆಗೆಯಬೇಕಾಗಲಿಲ್ಲ. ಏರ್‌ಬ್ಯಾಗುಗಳೂ ಇಲ್ಲದ ಕಾರು. ಅವು ಇರುವ ಕಾರಿನಲ್ಲಿ ಬ್ಯಾಟರಿ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಕಾಯದೆ ಸ್ಟಿಯರಿಂಗಿಗೆ ಕೈಹಾಕುವವರನ್ನು ಕಂಡರೆ ಕಾರು ವಾಪಸು ತಂದುಬಿಡಿ.

ಹೊಸ ಕಾಯಿಲ್ ಹುಡುಕಲು ಒಂದು ವಾರ ಹಿಡಿಯಿತು. ಮೂಲ ಕಂಪನಿಯ ಭಾಗ ಸಿಗಲಿಲ್ಲ. ಗುಜರಿಯಲ್ಲಿ ಹಳೆಯದು ಸಿಗುತ್ತಿತ್ತು. ಅಷ್ಟು ಬಿಚ್ಚಿ ಇನ್ನೊಂದು ಹಳೆಯದನ್ನು ಕೂರಿಸಲು ಮನಸ್ಸು ಬರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ಅಲ್ಯುಮಿನಿಯಂ ಕಾಯಿಲ್ ಬಂತು, 1,900 ರೂಪಾಯಿ. ಮೇಸ್ತ್ರಿ ಅದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಪೈಪುಗಳ ಬಾಗು ಒಂದು ಬೆರಳಿನಷ್ಟು ಆಚೀಚೆ ಇತ್ತು. ಬಗ್ಗಿಸಿ ಕೂರಿಸಿ ಎಂದೆ. ಅವರು ಒಪ್ಪಲಿಲ್ಲ. ಬೆಸುಗೆಯ ಹತ್ತಿರ ಬಗ್ಗಿಸಿದರೆ ಇಂದು ಸೋರುವುದಿಲ್ಲ, ಡ್ಯಾಶ್‌ಬೋರ್ಡ್ ಪೂರ್ತಿ ಜೋಡಿಸಿ ಆರು ತಿಂಗಳಾದ ಮೇಲೆ ಸೋರುತ್ತದೆ ಎಂದರು. ಕಾಯಿಲ್ ವಾಪಸು ಹೋಗಿ ಬೇರೆಯದು ಬಂತು. ಅದನ್ನೂ ನೇರವಾಗಿ ಹಾಕಲಿಲ್ಲ. ಒಂದು ಪೈಪಿಗೆ ಬಿರಡೆ ಹಾಕಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ತುಂಬಿ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದರು. ಗುಳ್ಳೆ ಬರಲಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಭರವಸೆ ಕೊಟ್ಟದ್ದು ಆ ಬಕೆಟ್.

ಹಳೆಯ ಕಾಯಿಲನ್ನು ಕತ್ತರಿಸಿ ತೋರಿಸಿ ಎಂದು ಕೇಳಿಕೊಂಡೆ. ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಒಳಗೆ ಕಂದು ಬಣ್ಣದ ಕಿಟ್ಟ, ಬಿಳಿಯ ಸುಣ್ಣದ ಪದರ. ನನಗೆ ಅಪ್ಪನ ಕಾಲದ ಡ್ರೈವರ್ ನೆನಪಾದರು. ಅವರು ಕಾರನ್ನು ಮಗುವಿನಂತೆ ತೊಳೆಯುತ್ತಿದ್ದರು, ರೇಡಿಯೇಟರಿಗೆ ಮಾತ್ರ ದಾರಿಯಲ್ಲಿ ಸಿಕ್ಕ ಬೋರ್‌ವೆಲ್ ನೀರು ಸುರಿಯುತ್ತಿದ್ದರು. ಒಮ್ಮೆ ಹುಣಸೂರಿನ ಹತ್ತಿರ ರೇಡಿಯೇಟರ್ ಸೋರಿದಾಗ ಹೋಟೆಲಿನಿಂದ ಒಂದು ಹಿಡಿ ಅರಿಶಿನದ ಪುಡಿ ಕೇಳಿ ತಂದು ಸುರಿದಿದ್ದರು. ಲಾರಿಯವರ ಹಳೆಯ ವಿದ್ಯೆ ಅದು, ಸೋರಿಕೆ ನಿಂತೂ ಇತ್ತು. ನಾವು ಅವರನ್ನು ಹೊಗಳಿ ಊಟ ಹಾಕಿಸಿದ್ದೆವು. ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ದಾರಿ ಎಂದು ಹೇಗೆ ಗೊತ್ತಾಗಬೇಕು? ಕಿಟ್ಟದಲ್ಲಿ ಅರಿಶಿನದ ಪಾಲೆಷ್ಟು, ತುಕ್ಕಿನ ಪಾಲೆಷ್ಟು ಎಂದು ವಿಂಗಡಿಸುವಂತಿರಲಿಲ್ಲ. ಆದರೂ ಅಂಗಡಿಯ ‘ಲೀಕ್ ಸ್ಟಾಪ್’ ಡಬ್ಬಿಗಳ ಬಗ್ಗೆ ನನಗಿದ್ದ ಮೋಹ ಅಂದೇ ಬಿಟ್ಟಿತು.

ಎರಡೂವರೆ ದಿನಗಳ ಬಳಿಕ ಕಾರು ಸಿದ್ಧವಾಯಿತು. ಹೀಟರ್ ಹಾಕಿದೆ. ಉಗುರುಬೆಚ್ಚಗಿನ ಗಾಳಿ ಬಂತು, ಆರಿದ ಕಾಫಿಯ ಹಾಗೆ. ಹತ್ತು ಸಾವಿರ ಖರ್ಚು ಮಾಡಿ ಇದೇನು ಎಂದು ನನಗೆ ಸಿಟ್ಟೇ ಬಂತು. ಮೇಸ್ತ್ರಿ ಟೆಂಪರೇಚರ್ ಮುಳ್ಳು ತೋರಿಸಿದರು, ಅದು ತಳದಿಂದ ಸ್ವಲ್ಪವೇ ಮೇಲಿತ್ತು. ಥರ್ಮೋಸ್ಟಾಟ್ ಗೂಡು ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಯಾವ ಕಾಲದಲ್ಲೋ ಯಾರೋ “ಎಂಜಿನ್ ತಣ್ಣಗಿರಲಿ” ಎಂದು ಕಿತ್ತೆಸೆದಿದ್ದರು. ಆ ಪುಟ್ಟ ಬಾಗಿಲು ಕೂಲೆಂಟ್ 82 ಡಿಗ್ರಿಯ ಆಸುಪಾಸು ತಲುಪುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುತ್ತದೆ. ಅದಿಲ್ಲದ ಎಂಜಿನ್ ಮಡಿಕೇರಿಯ ಚಳಿಯಲ್ಲಿ ಪೂರ್ತಿ ಬಿಸಿಯಾಗುವುದೇ ಇಲ್ಲ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. 450 ರೂಪಾಯಿಯ ಥರ್ಮೋಸ್ಟಾಟ್ ಹಾಕಿದ ಮೇಲೆ ಬಂದದ್ದು ನಿಜವಾದ ಬಿಸಿಗಾಳಿ. ನಿಮ್ಮ ಹೀಟರ್ ಸೋರದೆ, ಬರಿದೇ ಬೆಚ್ಚಗಿದ್ದರೆ ಡ್ಯಾಶ್‌ಬೋರ್ಡಿಗೆ ಕೈಹಾಕುವ ಮೊದಲು ಇದನ್ನು ನೋಡಿಸಿ. ಈ ಬರಹದಲ್ಲಿ ದುಡ್ಡು ಉಳಿಸುವ ಮಾತು ಇದೊಂದೇ.

ಆಮೇಲೆ ಗಾಳಿ ತೆಗೆಯುವ ಕೆಲಸ. ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡಿನ ಹಿಂದೆ ಹೂಜಿಯಿಂದ ನೀರು ಬಗ್ಗಿಸಿದಂತೆ ಗುಳುಗುಳು ಸದ್ದಾಗುತ್ತದೆ, ಹೀಟರ್ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಕಾರಿನ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗಿಟ್ಟು ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಕೂಲೆಂಟ್ ತುಂಬಬೇಕು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದರೆ ಮುಖ ಸುಟ್ಟೀತು. ಹಾಕಿದ್ದು ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಕಾರ್ಪೆಟ್ಟಿನಿಂದ ಹಿಂಡಿದ್ದನ್ನು ಮೇಸ್ತ್ರಿ ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ಮುಚ್ಚಿಟ್ಟದ್ದು ನನಗೆ ಹಿಡಿಸಿತು. ಅದರ ಸಿಹಿಗೆ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲು.

ಒಟ್ಟು ಬಿಲ್ 10,200 ರೂಪಾಯಿ. ಅದರಲ್ಲಿ ಕೂಲಿ 5,500. ಉಳಿದದ್ದು ಕಾಯಿಲ್, ಥರ್ಮೋಸ್ಟಾಟ್, ಎರಡು ಹೊಸ ಹೋಸು, ಕ್ಲಾಂಪುಗಳು, ರೇಡಿಯೇಟರ್ ಕ್ಯಾಪ್, ಕೂಲೆಂಟ್. ಹಳೆಯ ಹೋಸು ಇನ್ನೂ ಚೆನ್ನಾಗಿದೆಯೆಂದು ನಾನು ಜಿಪುಣತನ ತೋರಿಸಿದ್ದೆ, ಮೇಸ್ತ್ರಿ ಅದನ್ನು ಮಡಿಸಿ ಬಿರುಕು ತೋರಿಸಿದ ಮೇಲೆ ಸುಮ್ಮನಾದೆ.

ಈಗ ನಾಲ್ಕು ಮಳೆಗಾಲ ಕಳೆದಿವೆ, ಕಾರು 33,000 ಕಿಲೋಮೀಟರ್ ಓಡಿದೆ. ಕಾಯಿಲ್ ಒಂದು ಹನಿಯೂ ಸೋರಿಲ್ಲ. ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆಯಂತೆ ಎರಡು ಬಾರಿ ಬದಲಿಸಿದ್ದೇನೆ, ಎರಡೂ ಸಲ ಹೊರಬಂದದ್ದು ಹಾಕಿದ ಬಣ್ಣವೇ, ಕಂದು ರಾಡಿಯಲ್ಲ. ಎಂಜಿನ್ ಕಾದ ಮೇಲೆ ಎಸಿಯನ್ನೂ ಹೀಟರನ್ನೂ ಹಾಕಿ ಗಾಜಿಗೆ ತಿರುಗಿಸಿದರೆ ಎರಡು ನಿಮಿಷದೊಳಗೆ ಮಂಜು ಕೆಳಗಿನಿಂದ ಮೇಲಕ್ಕೆ ಸರಿಯುತ್ತ ಹೋಗುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿರಬಾರದು, ಹೊರಗಿನ ಗಾಳಿ ಬರಬೇಕು. ಮಗನಿಗೆ ಇದನ್ನು ಕಲಿಸಲು ಒಂದು ಇಡೀ ಮಳೆಗಾಲ ಹಿಡಿಯಿತು.

ದೂರುಗಳೂ ಇವೆ. ಹೊಸ ಕಾಯಿಲಿನ ಜೊತೆ ಸುತ್ತಲಿನ ಸ್ಪಂಜು ಪಟ್ಟಿ ಬಂದಿರಲಿಲ್ಲ. ಅದಿಲ್ಲದಿದ್ದರೆ ಗಾಳಿ ಕಾಯಿಲನ್ನು ಮುಟ್ಟದೆ ಸಂದಿಯಿಂದ ನುಸುಳುತ್ತದೆ. ಮೇಸ್ತ್ರಿ ಬಾಗಿಲಿಗೆ ಹಾಕುವ ಸ್ಪಂಜನ್ನು ಕತ್ತರಿಸಿ ಅಂಟಿಸಿದ್ದರು, ಮೂರನೆಯ ವರ್ಷದಿಂದ ಅದರ ಕಪ್ಪು ಪುಡಿ ಗಾಳಿಕಿಂಡಿಯಿಂದ ಆಗಾಗ ಉದುರುತ್ತದೆ. ಕಾರ್ಪೆಟ್ಟನ್ನು ಹೊರತೆಗೆದು ತೊಳೆಸಿದರೂ ಸಿಹಿ ವಾಸನೆ ಪೂರ್ತಿ ಹೋಗಲು ಆ ಬೇಸಿಗೆ ಮುಗಿಯಬೇಕಾಯಿತು. ಅಡಿಯ ದಪ್ಪ ಫೆಲ್ಟನ್ನು ಆಗಲೇ ಬದಲಿಸಬೇಕಿತ್ತು. ಡ್ಯಾಶ್‌ಬೋರ್ಡ್ ಒಮ್ಮೆ ಬಿಚ್ಚಿದ ಮೇಲೆ ಮೊದಲಿನಂತಿಲ್ಲ. ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಐದಾರು ಮುರಿದವು, ಹಾಳಾದ ರಸ್ತೆಯಲ್ಲಿ ಎಡಗಡೆಯಿಂದ ಒಂದು ಕಿರಿಕಿರಿ ಸದ್ದು ಬರುತ್ತದೆ. ಹೆಂಡತಿ ಅದಕ್ಕೆ ಮೇಸ್ತ್ರಿಯ ಹೆಸರನ್ನೇ ಇಟ್ಟಿದ್ದಾಳೆ.

ಕಾರನ್ನು ಇನ್ನೊಂದು ವರ್ಷದಲ್ಲಿ ಮಾರುವವರು, ಬಯಲುಸೀಮೆಯ ಹೊರಗೆ ಹೋಗದವರು ಈ ಖರ್ಚಿಗೆ ಬೀಳಬೇಕಿಲ್ಲ, ಹೋಸು ಜೋಡಿಸಿ ನೆಮ್ಮದಿಯಾಗಿರಬಹುದು. ಘಾಟಿಯ ಮೇಲೋ ಕೆಳಗೋ ವಾಸಿಸುವವರು ಮಾಡಿಸಿಕೊಳ್ಳಿ, ಆದರೆ ಜನವರಿ–ಫೆಬ್ರವರಿಯಲ್ಲಿ. ಜೂನ್ ಹತ್ತಿರ ಬಂದ ಮೇಲೆ ಗ್ಯಾರೇಜಿನವರಿಗೆ ವೈಪರ್ ಬದಲಿಸಲೂ ಪುರಸೊತ್ತಿರುವುದಿಲ್ಲ, ಅವಸರದಲ್ಲಿ ಜೋಡಿಸಿದ ಡ್ಯಾಶ್‌ಬೋರ್ಡಿನ ಸದ್ದು ನನ್ನದಕ್ಕಿಂತ ಜೋರಾಗಿರುತ್ತದೆ.

ಮಡಿಕೇರಿಯಲ್ಲಿ ಅಂದು ಹೋಸುಗಳನ್ನು ಜೋಡಿಸಿದ್ದ ಗೇಣುದ್ದದ ಕಬ್ಬಿಣದ ಪೈಪನ್ನು ನಾನು ಎಸೆದಿಲ್ಲ. ಎರಡು ಕ್ಲಾಂಪು ಮತ್ತು ಒಂದು ಸ್ಕ್ರೂಡ್ರೈವರ್ ಜೊತೆಗೆ ಅದೇ ಬನಿಯನ್ ತುಂಡಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ. ಎಂದಾದರೂ ರಾತ್ರಿ ಘಾಟಿಯಲ್ಲಿ ಹೊಸ ಕಾಯಿಲೂ ಕೈಕೊಟ್ಟರೆ ಮನೆ ತಲುಪುವವರೆಗೆ ಅದು ಸಾಕು.