ಟ್ರ್ಯಾಕ್ಟರ್ ಟೈರಿಗೆ ಹಾಕುವ ಚೈನ್ ಎರಿ ಹೊಲಕ್ಕೆ ಆಗುತ್ತಾ?

ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇರುವವರಿಗೆ ಹೆಸರುಕಾಳಿನ ಸುಗ್ಗಿ ಹೇಗಿರುತ್ತೆ ಅಂತ ಗೊತ್ತೇ ಇದೆ. ರಾಶಿ ಮಾಡಿದ ಚೀಲ ಹೊಲದಲ್ಲೇ ಇರುತ್ತವೆ, ಅಷ್ಟರಲ್ಲಿ ಮಳೆ ಹಿಡಿದುಬಿಡುತ್ತದೆ, ಟ್ರೇಲರ್ ತಗೊಂಡು ಹೋದರೆ ದಾರಿಯಲ್ಲೇ ಹಿಂದಿನ ಗಾಲಿ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ಇದಕ್ಕಂತಲೇ ನಾವು ಹಿಂದಿನ ಟೈರಿಗೆ ಹಾಕುವ ಕಬ್ಬಿಣದ ಚೈನ್ ಒಂದು ಜೋಡಿ ಆನ್‌ಲೈನ್‌ನಲ್ಲಿ ತರಿಸಿ, ಮಳೆಗಾಲ ಪೂರ್ತಿ ಬಳಸಿದೆವು.

ಇದು ಮಂಜುಗಡ್ಡೆ ಕಟ್ಟುವ ದೇಶಗಳ ಸಾಮಾನು. ಗಡ್ಡೆ ಮೇಲೆ ರಬ್ಬರಿನ ಹಲ್ಲು ಎಷ್ಟು ಆಳ ಇದ್ದರೂ ಜಾರುತ್ತದೆ, ಕಬ್ಬಿಣದ ಕೊಂಡಿ ಮಾತ್ರ ಕೊರೆದು ಹಿಡಿಯುತ್ತದೆ. ಕೊರೆಯುವುದಕ್ಕೆ ಕೆಳಗೆ ಗಟ್ಟಿ ತಳ ಬೇಕು. ಪೂರ್ತಿ ವಿಷಯ ಇರುವುದು ಇಲ್ಲೇ, ಆದರೆ ಮಾರುವವರು ಇದನ್ನು ಎಲ್ಲೂ ಹೇಳಿರಲಿಲ್ಲ.

ಗರ್ಸು (ಜಲ್ಲಿಮಣ್ಣು) ಹಾಕಿದ ಹೊಲದ ದಾರಿ, ಮೇಲೆ ತೆಳ್ಳಗೆ ರಾಡಿ, ಅಂಥ ಕಡೆ ಚೈನ್ ನಿಜವಾಗಲೂ ಕೆಲಸ ಮಾಡುತ್ತದೆ. ನಮ್ಮ ದಾರಿಯಲ್ಲಿ ಹಳ್ಳ ದಾಟಿ ಮೇಲೆ ಹತ್ತುವ ಜಾಗ ಒಂದಿದೆ, ಮೊದಲು ಅಲ್ಲಿ ಪಕ್ಕದ ಹೊಲದವರ ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಿತ್ತು. ಚೈನ್ ಹಾಕಿದ ಮೇಲೆ ತುಂಬಿದ ಟ್ರೇಲರ್ ಸಮೇತ ಸಲೀಸಾಗಿ ಹತ್ತಿತು. ಅಷ್ಟಕ್ಕೇ ಕೊಟ್ಟ ದುಡ್ಡು ವಸೂಲಿ ಅಂತ ನನಗೆ ಅನಿಸಿದೆ.

ಹೊಲದೊಳಗೆ ಇಳಿದರೆ ಕಥೆ ಬೇರೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಕೆಳಗೆ ಹಿಡಿಯಲು ತಳವೇ ಸಿಗುವುದಿಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಕೊಂಡಿಗಳ ಸಂದಿಯೆಲ್ಲಾ ಮಣ್ಣು ತುಂಬಿ ಟೈರು ನುಣ್ಣಗೆ ದುಂಡಗಾಗುತ್ತದೆ. ಚೈನ್ ಎಲ್ಲಿದೆ ಅಂತಲೂ ಕಾಣುವುದಿಲ್ಲ, ಸಲಿಕೆ ತಗೊಂಡು ಕೆರೆಯಬೇಕು. ಬರೀ ಟೈರಿಗಿಂತ ಚೈನ್ ಇದ್ದಾಗಲೇ ಮಣ್ಣು ಜಾಸ್ತಿ ಹಿಡಿಯುತ್ತದೆ. ಆಳ ಕೆಸರಿಗೆ ಹಾನಗಲ್ ಕಡೆ ಗದ್ದೆಯಲ್ಲಿ ಬಳಸುವಂಥ ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಗಾಲಿ ಬೇರೆಯೇ ಇದೆ. ಅದಿಲ್ಲದಿದ್ದರೆ ಹೊಲ ಆರುವವರೆಗೆ ಕಾಯುವುದೇ ವಾಸಿ.

ತಗೊಳ್ಳುವವರು ಅಳತೆಗಿಂತ ಮೊದಲು ಹೆಣಿಗೆ ನೋಡಿ. ನಮಗೆ ಬಂದದ್ದು ಏಣಿ ಮಾದರಿ, ಅಂದರೆ ಅಡ್ಡ ಸರಪಳಿ ಮಾತ್ರ. ಟ್ರ್ಯಾಕ್ಟರ್ ಟೈರಿನ ಹಲ್ಲು ಓರೆಯಾಗಿ ಎದ್ದಿರುತ್ತವೆ ಅಲ್ವಾ, ಈ ಅಡ್ಡ ಸರಪಳಿ ಹೋಗಿ ಎರಡು ಹಲ್ಲುಗಳ ಸಂದಿಯಲ್ಲಿ ಕೂತುಬಿಡುತ್ತದೆ, ಆಗ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಅಡ್ಡ ಸರಪಳಿಗಳನ್ನು ಮಧ್ಯದಲ್ಲೂ ಒಂದಕ್ಕೊಂದು ಜೋಡಿಸಿರುವ ಹೆಣಿಗೆ ತಗೊಳ್ಳಿ, ಅದು ಹಲ್ಲಿನ ಮೇಲೇ ನಿಲ್ಲುತ್ತದೆ. ಟೈರಿನ ಮೇಲೆ ಬರೆದಿರುವ ಅಳತೆಯನ್ನೇ ಕೊಡಿ, ನಮ್ಮದು 13.6-28. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಜಾಗ ಎಷ್ಟಿದೆ ನೋಡಿಕೊಳ್ಳಿ. ಹಾಕಿ ಸ್ವಲ್ಪ ದೂರ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಲೇಬೇಕು, ಇಲ್ಲದಿದ್ದರೆ ಸಡಿಲವಾದ ತುದಿ ಮಡ್‌ಗಾರ್ಡಿಗೆ ಬಡಿಯುತ್ತದೆ. ಡಾಂಬರು ರಸ್ತೆ ಬಂದರೆ ಬಿಚ್ಚಿಬಿಡಿ.

ಚೈನ್‌ಗೆ ಮೊದಲು ಹಿಂದಿನ ಟೈರಿಗೆ ನೀರು ತುಂಬಿಸಿ ನೋಡಿ ಅಂತಲೂ ಹೇಳುತ್ತೇನೆ, ಆ ಭಾರಕ್ಕೆ ಹಿಡಿತ ಬರುತ್ತದೆ. ವಾಲ್ವ್ ಮೇಲಕ್ಕೆ ಬರುವಂತೆ ನಿಲ್ಲಿಸಿ ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ. ಚಳಿ ದೇಶದಲ್ಲಿ ಆ ನೀರು ಗಡ್ಡೆ ಕಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಆ ಖರ್ಚಿಲ್ಲ. ಖಾಲಿ ಟ್ರೇಲರ್ ಹೊಡೆಯುವಾಗ ಇಷ್ಟೇ ಸಾಕಾಗುತ್ತದೆ.

ಚೈನ್ ಇದೆ ಅಂತ ಹೂತ ಗಾಡಿಗೆ ಜೋರಾಗಿ ಆಕ್ಸಿಲರೇಟರ್ ಮಾತ್ರ ಕೊಡಬೇಡಿ. ಹಿಂದಿನ ಗಾಲಿ ಗಟ್ಟಿಯಾಗಿ ಸಿಕ್ಕಿಕೊಂಡು ತಿರುಗದೇ ಹೋದರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಡ್ರೈವರ್‌ಗೆ ಇಳಿಯುವಷ್ಟು ಹೊತ್ತೂ ಸಿಗುವುದಿಲ್ಲ. ಟ್ರೇಲರ್ ಬಿಚ್ಚಿ, ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ಹೊರಗೆ ತನ್ನಿ. ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ.