ಇಪ್ಪತ್ತೆರಡು ಮಕ್ಕಳು, ಒಂದು ಮೌಸ್: ರೇಡಿಯೊ ಹುಚ್ಚು ಹಚ್ಚಲು ನೋಡಿದ ಐದು ದಾರಿ

ಸೇಡಂ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ 22 ಮಕ್ಕಳನ್ನು ಒಂದು ತಾಸು ಉಳಿಸಿಕೊಂಡು ರೇಡಿಯೊ ಹುಚ್ಚು ಹಚ್ಚುವ ಕೆಲಸ ಎರಡು ವರ್ಷದಿಂದ ನಡೆದಿದೆ. ಎಸ್‌ಡಿಆರ್ (ಸಾಫ್ಟ್‌ವೇರಿನಿಂದ ನಡೆಯುವ ರೇಡಿಯೊ) ಡಾಂಗಲ್, ಬ್ಯಾಟರಿ ಬೇಡದ ಕ್ರಿಸ್ಟಲ್ ಸೆಟ್, ದೂರದ ದೇಶಗಳ ನಿಲಯ ಹಿಡಿಯುವ ಶಾರ್ಟ್‌ವೇವ್ ರೇಡಿಯೊ, ಚುಕ್ಕೆ-ಗೆರೆ ಸಂಕೇತ ಬಡಿಯುವ ಮೋರ್ಸ್ ಬಜರ್, ಅಳತೆ ಟೇಪಿನ ಆಂಟೆನಾ ಐದನ್ನೂ ಸ್ವಂತ ರೊಕ್ಕ ಹಾಕಿ ನೋಡಿದ್ದೇನೆ. ಬೀದರ್, ಯಾದಗಿರಿ ಕಡೆಯ ಗೆಳೆಯ ಮಾಸ್ತರರು ಫೋನ್ ಮಾಡಿ "ಯಾವುದು ತಗೊಳ್ಳೋದ್ರಿ?" ಎಂದು ಕೇಳುತ್ತಾರೆ. ನಾನು ಇಟ್ಟುಕೊಂಡ ಲೆಕ್ಕ ಒಂದೇ: ಆ ಒಂದು ತಾಸಿನಲ್ಲಿ ಎಷ್ಟು ಮಕ್ಕಳು ಸುಮ್ಮನೆ ಕೈಕಟ್ಟಿ ಕೂತಿದ್ದರು?

ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಎಲ್ಲಕ್ಕಿಂತ ಮೊದಲು ಕೊಂಡದ್ದು, ಡಾಂಗಲ್. ಪೆನ್‌ಡ್ರೈವ್‌ನಷ್ಟಿರುವ ಇದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ 24ರಿಂದ ಸುಮಾರು 1,700 ಮೆಗಾಹರ್ಟ್ಸ್‌ವರೆಗಿನ ಸಿಗ್ನಲ್ಲುಗಳು ಪರದೆಯ ಮೇಲೆ ಬಣ್ಣಬಣ್ಣದ ಜಲಪಾತದಂತೆ ಇಳಿಯುತ್ತವೆ. ಆಂಟೆನಾ ಸೇರಿ ನಾಲ್ಕು ಸಾವಿರದ ಹತ್ತಿರ ಬಿತ್ತು. ಮೊದಲ ಹತ್ತು ನಿಮಿಷ ಮಕ್ಕಳ ಕಣ್ಣು ಅರಳಿತ್ತು. ಆಮೇಲೆ ಮೌಸ್ ಹಿಡಿದವನು ಒಬ್ಬನೇ, ಉಳಿದ ಇಪ್ಪತ್ತೊಂದು ಮಂದಿ ಟಿವಿ ನೋಡುವವರು. ಹಿಂದಿನ ಬೆಂಚಿನಲ್ಲಿ ಕಬಡ್ಡಿ ಮ್ಯಾಚಿನ ಚರ್ಚೆ ಶುರುವಾಯಿತು.

ಇದರಲ್ಲಿ ನನ್ನ ದಡ್ಡತನವೂ ಸೇರಿಕೊಂಡಿತು. ಹಳೆಯ ವಿಡಿಯೊಗಳನ್ನು ನಂಬಿ, ಅಮೆರಿಕದ ನೋವಾ ಹವಾಮಾನ ಉಪಗ್ರಹಗಳಿಂದ ಮೋಡದ ಚಿತ್ರ ಇಳಿಸಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. 53 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿ ತಂದು, 120 ಡಿಗ್ರಿ ಕೋನಕ್ಕೆ ಅಗಲಿಸಿ, ಮಾಳಿಗೆ ಮೇಲೆ ಇಟ್ಟು ಎರಡು ಶನಿವಾರ ಕಾದೆವು. ಬರೀ ಸರ್‍ರೆನ್ನುವ ಸದ್ದು. ಅದು 2025ರ ಸೆಪ್ಟೆಂಬರ್. ನೋವಾ-18 ಆ ಜೂನ್‌ನಲ್ಲೇ ಬಂದ್ ಆಗಿತ್ತು, ನೋವಾ-15 ಮತ್ತು ನೋವಾ-19 ಆಗಸ್ಟ್‌ನಲ್ಲಿ. ನಾನು ನೋಡಿಕೊಂಡಿರಲಿಲ್ಲ. ರಷ್ಯಾದ ಮೆಟಿಯೋರ್ ಉಪಗ್ರಹಗಳು ಈಗಲೂ ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಚಿತ್ರ ಕಳಿಸುತ್ತವೆ, ಆದರೆ ಅವು ಡಿಜಿಟಲ್. ಕಿವಿಗೆ ಬರೀ ಗದ್ದಲ, ಕೆಲಸವೆಲ್ಲ ಸಾಫ್ಟ್‌ವೇರಿನದು. ಮತ್ತೆ ಮೌಸ್ ಹಿಡಿದವನೇ ರಾಜ.

ಡಾಂಗಲ್ ಕೊಳ್ಳುವ ಮೊದಲು ಒಮ್ಮೆ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಅಂದರೆ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ತಿರುಗಿಸಬಹುದಾದ ಅಲ್ಲಿನ ರೇಡಿಯೊ, ಅದನ್ನು ಫೋನಿನಲ್ಲಿ ತೆಗೆದು ಯುರೋಪಿನ ನಿಲಯಗಳನ್ನು ಕೇಳಿಸಿದ್ದೆ. ಖರ್ಚಿಲ್ಲ, ಸಾಫಾಗಿ ಬರುತ್ತದೆ. ಒಬ್ಬ ಕೇಳಿದ: "ಸರ್, ಇದು ರೆಕಾರ್ಡಿಂಗ್ ಏನ್ರಿ?" ಅಲ್ಲಿಗೆ ಅದನ್ನು ಬಿಟ್ಟೆ.

ಕ್ರಿಸ್ಟಲ್ ಸೆಟ್ ಇದಕ್ಕೆ ಪೂರಾ ಉಲ್ಟಾ. ಇಪ್ಪತ್ತೆರಡು ಮಂದಿಗೂ ಕೈತುಂಬ ಕೆಲಸ. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯವರು ಉಳಿದ ತಾಮ್ರದ ತಂತಿಯನ್ನು ತೂಕಕ್ಕೆ ಕೊಟ್ಟರು. 50 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡಿಗೆ 80 ಸುತ್ತು. ನಿಲಯ ಬದಲಿಸಲು ಹಳೆಯ ರೇಡಿಯೊಗಳಿಂದ ಕಿತ್ತ ಗ್ಯಾಂಗ್ ಕಂಡೆನ್ಸರು. ಜರ್ಮೇನಿಯಂ ಡಯೋಡ್ ಮಾತ್ರ ಕಲಬುರಗಿಯಲ್ಲಿ ಎಲ್ಲೂ ಸಿಗದೆ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ತಂದೆ. ಸುತ್ತು ಎಣಿಸುವಾಗ ಕೋಣೆಯಲ್ಲಿ ಪರೀಕ್ಷೆಯ ದಿನದಂಥ ಮೌನ. ಒಬ್ಬಳು ಅರವತ್ತೇಳಕ್ಕೆ ಬಂದಾಗ ಪಕ್ಕದವಳು ಮಾತಾಡಿಸಿಬಿಟ್ಟಳು. ಎಣಿಕೆ ತಪ್ಪಿದ ಸಿಟ್ಟಿಗೆ ಇಬ್ಬರೂ ಒಂದು ವಾರ ಮಾತು ಬಿಟ್ಟರು.

ಇಷ್ಟು ಮಾಡಿಯೂ ಕ್ರಿಸ್ಟಲ್ ಸೆಟ್ಟಿಗೆ ನಾನು ಎರಡನೇ ಜಾಗವನ್ನೂ ಕೊಡುವುದಿಲ್ಲ. ಅದಕ್ಕೆ ಬ್ಯಾಟರಿ ಇಲ್ಲ, ನಿಲಯದಿಂದ ಬಂದ ಶಕ್ತಿಯಲ್ಲೇ ಅದು ಮಾತಾಡಬೇಕು. ಕಲಬುರಗಿಯ ನನ್ನ ಮನೆಯಲ್ಲಿ ಆಕಾಶವಾಣಿ ಗುನುಗಿತು. ಶಾಲೆಗೆ ಒಯ್ದರೆ ಕಿವಿಯನ್ನು ನಿಗುರಿಸಿ ಕೂತರೂ ಒಂದೊಂದು ಸಲ ಮಾತ್ರ ಏನೋ ಇದ್ದ ಹಾಗೆ. ಫೋನಿನ ಇಯರ್‌ಫೋನ್ ಇದಕ್ಕೆ ನಡೆಯುವುದಿಲ್ಲ, 32 ಓಮಿನ ಅದು ಇದ್ದಬದ್ದ ಸಿಗ್ನಲ್ ನುಂಗಿಬಿಡುತ್ತದೆ. ಬಿಳಿ ಬಣ್ಣದ ಕ್ರಿಸ್ಟಲ್ ಇಯರ್‌ಪೀಸೇ ಬೇಕು. ಅರ್ಥಿಂಗೂ ಬೇಕು. ನಮ್ಮ ಕರಿಮಣ್ಣು ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಟ್ಟಿರುತ್ತದೆ, ಕಬ್ಬಿಣದ ಗೂಟ ಬಡಿದು ಎರಡು ಕೊಡ ಉಪ್ಪುನೀರು ಹೊಯ್ದ ಮೇಲೆ ಸ್ವಲ್ಪ ಸುಧಾರಿಸಿತು. ಟ್ರಾನ್ಸ್‌ಮಿಟರ್ ಹತ್ತಿರದ ಶಾಲೆಯವರು ಧಾರಾಳವಾಗಿ ಮಾಡಲಿ. ದೂರದವರು ಮಾಡಿದರೆ, ಕಷ್ಟಪಟ್ಟು ಸುತ್ತಿದ ಮಗು "ನಂದು ಕೆಟ್ಟದ್ರಿ" ಎಂದು ಸಪ್ಪೆ ಮುಖ ಹಾಕುವುದನ್ನು ನೋಡಬೇಕಾಗುತ್ತದೆ. ಕೆಟ್ಟಿರುವುದಿಲ್ಲ, ಆದರೆ ಅದನ್ನು ಹೇಗೆ ನಂಬಿಸುವುದು?

ಗೆದ್ದದ್ದು ಶಾರ್ಟ್‌ವೇವ್ ರೇಡಿಯೊ. ಎರಡು ಸಾವಿರದೊಳಗಿನ ಸಾದಾ ಸೆಟ್ಟು ಎರಡು, ಏಳು ಸಾವಿರದ ಟೆಕ್‌ಸನ್ ಕಂಪನಿಯ ಸೆಟ್ಟು ಒಂದು. ಹತ್ತು ಮೀಟರ್ ತಂತಿಯನ್ನು ಕಿಟಕಿಯಿಂದ ಬೇವಿನ ಗಿಡಕ್ಕೆ ಎಳೆದು ತುದಿಯನ್ನು ರೇಡಿಯೊದ ಏರಿಯಲ್‌ಗೆ ಕ್ಲಿಪ್ ಹಾಕಿದೆವು. ಗುಡುಗಿನ ದಿನಗಳಲ್ಲಿ ಮೊದಲು ತಂತಿ ಬಿಚ್ಚುವುದು, ಆಮೇಲೆ ಮಾತು.

ಮೊದಲ ದಿನ ಏನೂ ಬರಲಿಲ್ಲ. ಕೋಣೆಯ ಎಲ್‌ಇಡಿ ಟ್ಯೂಬು, ಆಫೀಸಿನ ಇನ್ವರ್ಟರು, ಯಾರದೋ ಮೊಬೈಲ್ ಚಾರ್ಜರು ಎಲ್ಲ ಸೇರಿ ಗರಗಸದ ಸದ್ದು. ನಾನು ಬೆವರೊರೆಸಿಕೊಳ್ಳುತ್ತ ಡಯಲ್ ತಿರುಗಿಸುವಾಗ ಕರೆಂಟ್ ಹೋಯಿತು. ಇನ್ವರ್ಟರ್ ಬ್ಯಾಟರಿ ಮೊದಲೇ ಸತ್ತಿತ್ತು. ಫ್ಯಾನ್ ನಿಂತಿತು, ಗರಗಸ ನಿಂತಿತು, ಆ ಖಾಲಿ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಯಾವುದೋ ಭಾಷೆಯಲ್ಲಿ ಸುದ್ದಿ ಓದುತ್ತಿದ್ದಳು. "ಈಗ ಸಾಫ್ ಬರ್ಲತ್ತದ್ರಿ ಸರ್!" ಜೀವನದಲ್ಲಿ ಮೊದಲ ಸಲ ಕರೆಂಟ್ ಹೋದದ್ದಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ವಾರದಿಂದ ಮೇನ್ ಸ್ವಿಚ್ ಇಳಿಸುವ ಜವಾಬ್ದಾರಿಗೆ ಪೈಪೋಟಿ.

ಯಾವ ಭಾಷೆ ಎಂದು ಹಿಡಿಯುವ ಆಟಕ್ಕೆ ನಮ್ಮ ಸೀಮೆಯಷ್ಟು ಹದವಾದ ಜಾಗ ಇನ್ನೊಂದಿಲ್ಲ. ಒಂದೇ ತರಗತಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ. ಉರ್ದು ಎಂದು ಎಲ್ಲರೂ ತೀರ್ಮಾನಿಸಿದ ನಿಲಯಕ್ಕೆ ಒಬ್ಬ ಹುಡುಗಿ ತಲೆಯಾಡಿಸಿ "ಇದು ಅರಬ್ಬಿ ಅದ್ರಿ, ನಾ ಮದರಸಾದಾಗ ಓದೀನಿ" ಎಂದಳು. ಚೀನಾ ರೇಡಿಯೊದ ತಮಿಳು ಪ್ರಸಾರ ಸಿಕ್ಕ ದಿನ, ಚೀನಾದವರು ತಮಿಳು ಯಾಕೆ ಮಾತಾಡುತ್ತಾರೆ ಎಂಬ ಪ್ರಶ್ನೆಗೆ ಸಮಾಜ ವಿಜ್ಞಾನದ ಮೇಡಂ ಬರಬೇಕಾಯಿತು.

ತೊಡಕು ಹೊತ್ತಿನದು. ಶಾರ್ಟ್‌ವೇವ್ ಅರಳುವುದು ಸಂಜೆ ಮೇಲೆ, ನಮ್ಮ ಕ್ಲಾಸು ನಡುಮಧ್ಯಾಹ್ನ, ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕು. ಅದಕ್ಕೆ ಸಾದಾ ಸೆಟ್ಟುಗಳನ್ನು ವಾರಕ್ಕೊಬ್ಬರಂತೆ ಮನೆಗೇ ಕೊಟ್ಟು ಕಳಿಸಿದೆ, ಜೊತೆಗೊಂದು ನೋಟ್‌ಬುಕ್: ಹೊತ್ತು, ಫ್ರೀಕ್ವೆನ್ಸಿ, ಭಾಷೆ, ಐದಕ್ಕೆ ಎಷ್ಟು ಸ್ಪಷ್ಟ. ಪಾಠ ಅಲ್ಲಿಂದ ತಾನಾಗಿ ಹುಟ್ಟಿತು. 31 ಮೀಟರ್ ಬ್ಯಾಂಡು, ಅಂದರೆ 9.4ರಿಂದ 9.9 ಮೆಗಾಹರ್ಟ್ಸ್, ಮಧ್ಯಾಹ್ನ ಒಣಗಿದ ಕೆರೆ, ರಾತ್ರಿ ಎಂಟಕ್ಕೆ ಸಂತೆ. ಶಾರ್ಟ್‌ವೇವ್ ಅಲೆಗಳನ್ನು ನೆಲಕ್ಕೆ ಮರಳಿಸುವುದು ಮೇಲಿನ ಆಕಾಶದ ಅಯಾನುಗೋಳ, ಹಗಲು ಅದರ ಕೆಳಗಿನ ಪದರ ಕಡಿಮೆ ಫ್ರೀಕ್ವೆನ್ಸಿಗಳನ್ನು ಹೀರುತ್ತದೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವ ಹೊತ್ತಿಗೆ ಅವರ ಬಳಿ ಮೂರು ತಿಂಗಳ ಪುರಾವೆ ಇತ್ತು. ಒಬ್ಬ 10 ಮೆಗಾಹರ್ಟ್ಸ್‌ನಲ್ಲಿ "ಬರೀ ಟಿಕ್ ಟಿಕ್, ಮಂದಿ ಇಲ್ಲ" ಎಂದು ಬರೆದಿದ್ದ. ಅದು ಚೀನಾದ ಬಿಪಿಎಂ, ಕಾಲಸೂಚಕ ನಿಲಯ. ಅರ್ಧ ಗಂಟೆಗೊಮ್ಮೆ ತನ್ನ ಹೆಸರನ್ನು ಮೋರ್ಸ್‌ನಲ್ಲಿ ಬಡಿಯುತ್ತದೆ. ಕೆಳಗೆ ಇನ್ನೊಂದು ಸಾಲಿತ್ತು: "ಅವ್ವ ಗಡಿಯಾರ ಸರಿ ಮಾಡಿಕೊಂಡಳು."

ಸಾದಾ ಸೆಟ್ಟಿಗೂ ದುಬಾರಿ ಸೆಟ್ಟಿಗೂ ಇರುವ ಫರಕು ಹೇಳಿಬಿಡುತ್ತೇನೆ. ಬೆಳಿಗ್ಗೆ 7.0ರಿಂದ 7.2 ಮೆಗಾಹರ್ಟ್ಸ್ ನಡುವೆ ನಮ್ಮ ದೇಶದ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಹರಟೆಗೆ ಕೂತಿರುತ್ತಾರೆ. ಸಾದಾ ಸೆಟ್ಟಿನಲ್ಲಿ ಅದು ಬಾತುಕೋಳಿಗಳ ಜಗಳ; ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಿಗೆ ಬಳಸುವ ಸಿಗ್ನಲ್ ಬಗೆ) ಬಿಡಿಸುವ ದುಬಾರಿ ಸೆಟ್ಟಿನಲ್ಲಿ ಮಾತ್ರ ಮನುಷ್ಯರ ದನಿ. ನಿಲಯ ಕೇಳುವುದಕ್ಕಷ್ಟೇ ಆದರೆ ಏಳು ಸಾವಿರ ದಂಡ. ಹ್ಯಾಮ್ ಕಡೆ ತಿರುಗಿಸುವ ಮನಸ್ಸಿದ್ದರೆ ಶಾಲೆಗೊಂದು ಬೇಕು. 2020ರ ಜನವರಿಯಲ್ಲಿ ಬಿಬಿಸಿ ಹಿಂದಿಯೂ ಶಾರ್ಟ್‌ವೇವ್ ಬಿಟ್ಟಿತು, ಇನ್ನೇನಿದೆ ಅಲ್ಲಿ ಎನ್ನುವವರಿದ್ದಾರೆ. ಗುರುತಿನ ದನಿಗಳು ಕಡಿಮೆಯಾಗಿವೆ, ಖರೆ. ಮಕ್ಕಳಿಗೆ ಬೇಕಾದದ್ದು ಗುರುತಿಲ್ಲದ ದನಿ.

ಮೋರ್ಸ್ ಬಜರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 555 ಐಸಿ, 10 ಕಿಲೊಓಮ್, 100 ಕಿಲೊಓಮ್ ರೆಸಿಸ್ಟರು, 0.01 ಮೈಕ್ರೊಫ್ಯಾರಡ್ ಕೆಪಾಸಿಟರು, ಒಂದು ಪುಟ್ಟ ಸ್ಪೀಕರು, ಮುರಿದ ಹ್ಯಾಕ್ಸಾ ಬ್ಲೇಡಿನ ಕೀ. ಸುಮಾರು 685 ಹರ್ಟ್ಸ್‌ನ ಸದ್ದು, ಒಂದಕ್ಕೆ ಅರವತ್ತು ರೂಪಾಯಿ. ಅಗ್ಗದಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಆದರೆ ಬಜರ್ ಕೋಣೆಯಾಚೆ ಹೋಗುವುದಿಲ್ಲ; ನಾಲ್ಕನೇ ವಾರಕ್ಕೆ ಗಣಿತದ ಪಿರಿಯಡ್ಡಿನಲ್ಲಿ ಡೆಸ್ಕ್ ಬಡಿದು ಉತ್ತರ ದಾಟಿಸುವ ಕಲೆಯಾಗಿ ಉಳಿಯಿತು. ಹೆಡ್‌ಮಾಸ್ತರರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಎರಡನೇ ಜಾಗ ಅಳತೆ ಟೇಪಿಗೆ. ಉಕ್ಕಿನ ಟೇಪನ್ನು ಕತ್ತರಿಸಿ 105 ಸೆಂ.ಮೀ. ಒಂದು, 89 ಸೆಂ.ಮೀ. ಒಂದು, 45ರ ಎರಡು ತುಂಡು, ಪಿವಿಸಿ ಪೈಪಿಗೆ ಕ್ಲ್ಯಾಂಪ್ ಹಾಕಿದರೆ 145 ಮೆಗಾಹರ್ಟ್ಸ್‌ನ ಯಾಗಿ ಆಂಟೆನಾ, ತಿರುಗಿಸಿದ ದಿಕ್ಕಿಗೆ ಮಾತ್ರ ಕಿವಿಗೊಡುವಂಥದ್ದು. ಮೂರು ಗುಂಪು ಮೂರು ಆಂಟೆನಾ ಮಾಡಿದವು. ಒಂದು ಮೂಕವಾಗಿತ್ತು: ಬೆಸುಗೆಯ ಕೆಳಗೆ ಹಳದಿ ಬಣ್ಣ ಪೂರ್ತಿ ಹೋಗಿರಲಿಲ್ಲ. ಮರಳುಕಾಗದದಿಂದ ಉಕ್ಕು ಹೊಳೆಯುವ ತನಕ ಉಜ್ಜಬೇಕು. ಮೂಲೆ ಸೇರಿದ್ದ ಡಾಂಗಲ್ಲಿಗೂ ಇಲ್ಲಿ ಬೆಲೆ ಬಂತು. ಒಟಿಜಿ ಕೇಬಲ್ಲಿನಿಂದ ಫೋನಿಗೆ ಸಿಕ್ಕಿಸಿ ಮೈದಾನಕ್ಕೆ ಒಯ್ದು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಬರುವ ಹೊತ್ತಿಗೆ 145.825 ಮೆಗಾಹರ್ಟ್ಸ್‌ನಲ್ಲಿ ಕಾದೆವು. ಒಬ್ಬ ದಿಕ್ಸೂಚಿ, ಒಬ್ಬಳು ಗಡಿಯಾರ, ಒಬ್ಬ ಆಂಟೆನಾ. ಗರ್ರ್ ಎಂದು ಡೇಟಾ ಪ್ಯಾಕೆಟ್ಟುಗಳ ಸದ್ದು ಬಂತು. ಆಂಟೆನಾ ಒಂದು ಮೊಳ ಆಚೆ ತಿರುಗಿದರೆ ಮಾಯ, ತಿರುಗಿಸಿದರೆ ಹಾಜರು. ಹತ್ತು ನಿಮಿಷದೊಳಗೆ ನಿಲ್ದಾಣ ದಿಗಂತದ ಕೆಳಗೆ ಇಳಿಯಿತು. 2025ರ ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ಹ್ಯಾಮ್ ರೇಡಿಯೊದಲ್ಲೇ ಬೆಂಗಳೂರಿನಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜೊತೆ ಮಾತಾಡಿದ್ದು ಇವರಿಗೆ ಗೊತ್ತಿತ್ತು. ಮಾತು ಕೇಳಿಸಲಿಲ್ಲವೆಂದು ಸ್ವಲ್ಪ ಬೇಜಾರು. ಶಾರ್ಟ್‌ವೇವ್‌ಗಿಂತ ಇದು ಹಿಂದೆ ಬೀಳುವುದು ಇದೇ ಕಾರಣಕ್ಕೆ: ಹತ್ತು ನಿಮಿಷದ ಹಬ್ಬಕ್ಕೆ ಒಂದು ತಿಂಗಳ ತಯಾರಿ. ಬೀದರಿನ ಗೆಳೆಯರು ಊರಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಮೈದಾನಕ್ಕೆ ಆಂಟೆನಾ ಒಯ್ಯುವ ಮೊದಲೇ ಠಾಣೆಗೆ ಒಂದು ಪತ್ರ ಕೊಟ್ಟಿದ್ದರು. ಜಾಣತನ.

ಇವೆಲ್ಲ ಕೇಳುವ ಕೆಲಸ. ಮಾತಾಡಲು ಪರವಾನಗಿ ಬೇಕು, ಅದಿಲ್ಲದೆ ಆನ್‌ಲೈನ್ ವಾಕಿಟಾಕಿ ತಂದು ಮಕ್ಕಳ ಕೈಗೆ ಕೊಡಬೇಡಿ. 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆಗೆ ಕೂರಬಹುದು, ಅದರ ಕೆಳಹಂತವಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಬೇಡ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, 1983ರಿಂದ ಅಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯೂ ಇದೆ. ನನ್ನ ಇಬ್ಬರು ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಿದ್ದಾರೆ. ಇಬ್ಬರೂ ನೋಟ್‌ಬುಕ್ಕಿನಿಂದ ಬಂದವರು, ಲ್ಯಾಪ್‌ಟಾಪಿನ ಮುಂದೆ ಕೂತವರಲ್ಲ.

ಜೂನ್‌ನಲ್ಲಿ ಹೊಸ ಬ್ಯಾಚು ಬರುತ್ತದೆ. ಐದು ಸಾವಿರ ಕೈಯಲ್ಲಿದ್ದರೆ ಎರಡು ಸಾದಾ ಸೆಟ್ಟು, ಒಂದು ಸುರುಳಿ ತಂತಿ, ನೂರು ಪುಟದ ಎರಡು ನೋಟ್‌ಬುಕ್, ಉಳಿದದ್ದರಲ್ಲಿ ಒಂದು ಅಳತೆ ಟೇಪು. ಡಾಂಗಲ್ ನನ್ನ ಬ್ಯಾಗಿನಲ್ಲಿದೆ, ನಿಲ್ದಾಣ ಬರುವ ದಿನ ತೆಗೆಯುತ್ತೇನೆ.